ಹಾಲಿವುಡ್ ಸ್ಟುಡಿಯೋಸ್‌ನ ಆ ನೀಲಿ ಟೋಪಿಯನ್ನು ತೆಗೆದದ್ದು ಸರಿಯೇ?

ನಿಮ್ಮ ಪ್ರಶ್ನೆ ನೋಡಿದ ಕೂಡಲೇ ಉತ್ತರ ಬರೆಯಬೇಕು ಅನಿಸಿತು. 2009ರಲ್ಲಿ, ಚಿಕ್ಕವರಿದ್ದಾಗ, ಅಪ್ಪ ಅಮ್ಮನ ಜೊತೆ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗಿದ್ದಿರಿ. ಹಾಲಿವುಡ್ ಸ್ಟುಡಿಯೋಸ್ ಪಾರ್ಕ್‌ನಲ್ಲಿ ಮಿಕ್ಕಿಯ ದೈತ್ಯ ಟೋಪಿಯ ಮುಂದೆ ತೆಗೆಸಿಕೊಂಡ ಫೋಟೋ ಇನ್ನೂ ಮನೆಯಲ್ಲಿದೆ. ಈಗ ಮತ್ತೆ ಹೋಗಿ ನೋಡಿದರೆ ಟೋಪಿಯೇ ಇಲ್ಲ. ಅದನ್ನು ಕಿತ್ತಾಗ ಡಿಸ್ನಿ ಅಭಿಮಾನಿಗಳೇ ಖುಷಿಪಟ್ಟರಂತೆ, ಯಾಕೆ ಅಂತ ಕೇಳಿದ್ದೀರಿ.

ಹಾಗೆ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ನಿಮ್ಮ ಬೇಸರವೂ ನನಗೆ ಅರ್ಥವಾಗುತ್ತದೆ. ನಮ್ಮ ಮನೆಯಲ್ಲೇ ಅದೇ ಬೇಸರ ಪಟ್ಟವಳು ಒಬ್ಬಳಿದ್ದಾಳೆ.

ಆಗ ನಾವು ಅಟ್ಲಾಂಟಾದಲ್ಲಿದ್ದೆವು. ಒರ್ಲಾಂಡೋಗೆ ಕಾರಿನಲ್ಲಿ ಆರೇಳು ಗಂಟೆ. ಮಕ್ಕಳಿಗೆ ರಜೆ ಬಂದರೆ ಅಲ್ಲಿಗೇ ಓಟ. 2006ರ ಜುಲೈನಲ್ಲಿ ಮಗಳಿಗೆ ನಾಲ್ಕು ವರ್ಷ. ಫ್ಲೋರಿಡಾದ ಬೇಸಿಗೆ ಮಳೆ ಗೊತ್ತಲ್ವಾ, ಮಧ್ಯಾಹ್ನ ಇದ್ದಕ್ಕಿದ್ದಂತೆ ಆಕಾಶ ಕಪ್ಪಾಗಿ ಧೋ ಅಂತ ಸುರಿಯುತ್ತದೆ. ಎಲ್ಲರೂ ಟೋಪಿಯ ಕೆಳಗೆ ಓಡಿದೆವು. ಒದ್ದೆ ರೇನ್‌ಕೋಟ್‌ಗಳು, ಸ್ಟ್ರಾಲರ್‌ಗಳು, ಬಟ್ಟೆಗೆ ಸಿಕ್ಕಿಸಿಕೊಳ್ಳುವ ಡಿಸ್ನಿ ಪಿನ್ ಮಾರುವವರ ಸುತ್ತ ಜನ. ಮಗಳು ಟೋಪಿಯ ಅಂಚಿನಿಂದ ಇಳಿಯುವ ನೀರಿಗೆ ಕೈ ಒಡ್ಡಿಕೊಂಡು ನಿಂತಿದ್ದಳು. ಎಷ್ಟು ಕರೆದರೂ ಬರಲಿಲ್ಲ. ಅವಳ ಪಾಲಿಗೆ ಪಾರ್ಕ್ ಅಂದರೆ ಅದೇ.

ಮಳೆ ನಿಂತ ಮೇಲೆ ಟೋಪಿಯನ್ನು ಸುತ್ತಿ ಹಿಂದಕ್ಕೆ ಹೋದೆವು. ಅಲ್ಲಿ ನೋಡಿದರೆ ಕೆಂಪು ಕಂಬಗಳ, ಹಸಿರು ಚಾವಣಿಯ ದೊಡ್ಡ ಥಿಯೇಟರ್! ಬಾಗಿಲಲ್ಲಿ ಕಲ್ಲಿನ ಪ್ರಾಣಿಗಳು. ಅಂಗಳದ ಸಿಮೆಂಟಿನಲ್ಲಿ ಸಿನಿಮಾ ನಟರ ಕೈ ಗುರುತುಗಳು. 'ಇಷ್ಟು ದೊಡ್ಡ ಕಟ್ಟಡ ಇಲ್ಲಿದೆ ಅಂತಲೇ ಗೊತ್ತಾಗಲಿಲ್ಲವಲ್ಲ' ಅಂದರು ನಮ್ಮ ಯಜಮಾನರು. ಅಭಿಮಾನಿಗಳ ಇಡೀ ಜಗಳ ಆ ಒಂದು ಮಾತಿನಲ್ಲೇ ಇದೆ.

ಆ ಪಾರ್ಕ್ ಶುರುವಾದದ್ದು 1989ರ ಮೇ 1ರಂದು. ಆಗಿನ ಹೆಸರು ಡಿಸ್ನಿ-ಎಂಜಿಎಂ ಸ್ಟುಡಿಯೋಸ್, 2008ರಲ್ಲಿ ಈಗಿನ ಹೆಸರು ಬಂತು. ಒಳಗೆ ಕಾಲಿಟ್ಟರೆ ಹಾಲಿವುಡ್ ಬುಲೆವಾರ್ಡ್ ಅನ್ನುವ ಬೀದಿ. 1930, 40ರ ದಶಕದ ಹಾಲಿವುಡ್ ಹೇಗಿತ್ತು ಅಂತ ಜನ ಕನಸು ಕಾಣುತ್ತಾರೋ ಹಾಗೆ ಕಟ್ಟಿದ ಬೀದಿ. ತಾಳೆ ಮರಗಳು, ನಿಯಾನ್ ದೀಪಗಳು, ಹಳೆಯ ಕಾಲದ ಅಂಗಡಿ ಮುಂಗಟ್ಟುಗಳು. ಬೀದಿಯ ತುದಿಗೆ ಚೈನೀಸ್ ಥಿಯೇಟರ್. ಅಸಲಿ ಹಾಲಿವುಡ್‌ನಲ್ಲಿ ಸಿಡ್ ಗ್ರೌಮನ್ 1927ರಲ್ಲಿ ತೆರೆದ ಥಿಯೇಟರಿನ ಮುಂಭಾಗವನ್ನು ಅದೇ ಅಳತೆಯಲ್ಲಿ ಇಲ್ಲಿ ಕಟ್ಟಿದ್ದಾರೆ.

ವಾಲ್ಟ್ ಡಿಸ್ನಿ ಇಂಥದ್ದಕ್ಕೆ 'ವೀನಿ' ಅನ್ನುತ್ತಿದ್ದರು. ವೀನಿ ಅಂದರೆ ಸಾಸೇಜ್. ನಾಯಿಗೆ ಸಾಸೇಜ್ ತೋರಿಸಿದರೆ ಅದು ಹಿಂದೆಯೇ ಬರುತ್ತದಲ್ಲ, ಹಾಗೆ ಬೀದಿಯ ತುದಿಯಲ್ಲಿ ಒಂದು ಚಂದದ ವಸ್ತು ನಿಲ್ಲಿಸಿದರೆ ಜನರ ಕಾಲು ತಾನಾಗಿ ಅತ್ತ ನಡೆಯುತ್ತದೆ. ನಮ್ಮ ತೇರು ಬೀದಿಗಳನ್ನು ನೆನಪು ಮಾಡಿಕೊಳ್ಳಿ. ಬೀದಿಗೆ ತಿರುಗಿದ ಕೂಡಲೇ ತುದಿಯಲ್ಲಿ ಗೋಪುರ ಕಾಣುತ್ತದೆ, ಹೆಜ್ಜೆ ಹಾಕಿದಷ್ಟೂ ದೊಡ್ಡದಾಗುತ್ತದೆ. ಆ ಬೀದಿ ಇರುವುದೇ ಆ ನೋಟಕ್ಕೆ.

2001ರಲ್ಲಿ ಆ ನೋಟಕ್ಕೆ ಅಡ್ಡವಾಗಿ ಟೋಪಿ ಬಂತು. ಆ ವರ್ಷ ವಾಲ್ಟ್ ಡಿಸ್ನಿ ಹುಟ್ಟಿ 100 ವರ್ಷ. ಅದರ ಹಬ್ಬಕ್ಕೆ ಅಂತ 122 ಅಡಿ ಎತ್ತರದ ಟೋಪಿಯನ್ನು ಥಿಯೇಟರಿನ ಎದುರಿಗೇ ನಿಲ್ಲಿಸಿದರು. 1940ರ 'ಫ್ಯಾಂಟೇಸಿಯಾ' ಚಿತ್ರದಲ್ಲಿ ಮಾಂತ್ರಿಕನ ಶಿಷ್ಯನಾದ ಮಿಕ್ಕಿ ಹಾಕಿಕೊಳ್ಳುವ, ನಕ್ಷತ್ರ ಚಂದ್ರ ಇರುವ ಟೋಪಿ ಅದು. ಹಬ್ಬ ಮುಗಿಯಿತು. ಟೋಪಿ ಮಾತ್ರ ಅಲ್ಲೇ ಉಳಿಯಿತು. ಹದಿಮೂರು ವರ್ಷ!

ಟೋಪಿ ಬೇಡ ಅನ್ನುವವರ ಮುಖ್ಯ ವಾದ ಇದೇ. ಹಬ್ಬಕ್ಕೆ ಹಾಕಿದ ಚಪ್ಪರವನ್ನು ಹಬ್ಬ ಮುಗಿದ ಮೇಲೆ ಬಿಚ್ಚಬೇಕು. ಜೊತೆಗೆ ಹಳೆಯ ಹಾಲಿವುಡ್ ಬೀದಿಯಲ್ಲಿ ಹೊಳೆಯುವ ನೀಲಿ ಕಾರ್ಟೂನ್ ಟೋಪಿಗೆ ಏನು ಕೆಲಸ ಅಂತ ಅವರ ಪ್ರಶ್ನೆ. ಮೊದಲ ಹನ್ನೆರಡು ವರ್ಷ ಆ ಬೀದಿ ಹೇಗಿತ್ತು ಅಂತ ನೋಡಿದವರು ಇವರೇ ಜಾಸ್ತಿ.

ಬೇಕು ಅನ್ನುವವರ ಮಾತನ್ನೂ ತಳ್ಳಿಹಾಕಲು ಆಗುವುದಿಲ್ಲ. ಡಿಸ್ನಿ ವರ್ಲ್ಡ್‌ನ ಬೇರೆ ಪಾರ್ಕ್‌ಗಳನ್ನು ನೋಡಿ. ಮ್ಯಾಜಿಕ್ ಕಿಂಗ್‌ಡಮ್‌ಗೆ ಸಿಂಡ್ರೆಲಾ ಕೋಟೆ ಇದೆ, ಎಪ್ಕಾಟ್‌ಗೆ ದುಂಡನೆಯ ಗೋಳ ಇದೆ, ಅನಿಮಲ್ ಕಿಂಗ್‌ಡಮ್‌ಗೆ ಆ ದೊಡ್ಡ ಮರ ಇದೆ. ಈ ಪಾರ್ಕ್‌ಗೆ ಇದ್ದದ್ದು ಮಿಕ್ಕಿಯ ಕಿವಿ ಅಂಟಿಸಿದ 130 ಅಡಿಯ ನೀರಿನ ಟ್ಯಾಂಕ್. ಅದೂ ಹಿಂದೆಲ್ಲೋ ಸ್ಟುಡಿಯೋ ಕಡೆ. ಹೋದವರು ಎಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕು? ಗುಂಪಿನಲ್ಲಿ ಬೇರೆಯಾದರೆ ಎಲ್ಲಿ ಸೇರಬೇಕು? 'ಟೋಪಿ ಹತ್ತಿರ ಬನ್ನಿ' ಅಂದರೆ ಸಾಕಿತ್ತು. ಪಾರ್ಕ್ ಅನ್ನು ಮೊದಲ ಸಲ ನೋಡಿದ್ದೇ 2001ರ ನಂತರ ಅನ್ನುವವರಿಗೆ ಟೋಪಿ ಹೊರಗಿನಿಂದ ಬಂದದ್ದಲ್ಲ. ನಿಮ್ಮ ಹಾಗೆ, ನನ್ನ ಮಗಳ ಹಾಗೆ.

ಮಧ್ಯದ ದಾರಿ ಹೇಳಿದವರೂ ಇದ್ದರು. ಟೋಪಿ ಇರಲಿ, ಆದರೆ ಪಾರ್ಕ್‌ನ ಗೇಟಿನ ಹೊರಗೆ ಇಡಿ ಅಂತ. ನನಗೂ ಬಹಳ ದಿನ ಅದೇ ಸರಿ ಅನಿಸಿತ್ತು. ಟೋಪಿಯ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ, ಅದು ನಿಂತ ಜಾಗದ ಮೇಲೆ ಇತ್ತು. ಥಿಯೇಟರಿನ ವಿನ್ಯಾಸದ ಹಕ್ಕಿನ ಜಗಳದಿಂದಾಗಿ ಅದನ್ನು ಮರೆಮಾಡಲೆಂದೇ ಟೋಪಿ ಇಟ್ಟರು ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಅದಕ್ಕೆ ಆಧಾರ ತೋರಿಸಿದವರನ್ನು ನಾನು ನೋಡಿಲ್ಲ. ಗಾಳಿಮಾತು ಅಂತ ಬಿಟ್ಟುಬಿಡಿ.

ಡಿಸ್ನಿ ಅಭಿಮಾನಿಗಳಿಗೆ ಇದು ಹೊಸ ಜಗಳವೂ ಅಲ್ಲ. ಎಪ್ಕಾಟ್‌ನ 180 ಅಡಿಯ ಗೋಳದ ಪಕ್ಕದಲ್ಲಿ 1999ರಲ್ಲಿ ಮಿಕ್ಕಿಯ ಕೈ, ಕೈಯಲ್ಲಿ ಮಂತ್ರದಂಡ ನಿಲ್ಲಿಸಿದ್ದರು, 2000ನೇ ಇಸವಿ ಬಂತಲ್ಲ ಅಂತ. ಹಬ್ಬ ಮುಗಿದರೂ ಅದು ಇಳಿಯಲಿಲ್ಲ, ಮೇಲಿದ್ದ ಅಂಕಿ ತೆಗೆದು ಎಪ್ಕಾಟ್ ಅಂತ ಹೆಸರು ಹಾಕಿದರು. ಅಭಿಮಾನಿಗಳು ವರ್ಷಗಟ್ಟಲೆ ಗೊಣಗಿದರು. ಕೊನೆಗೆ 2007ರಲ್ಲಿ ತೆಗೆದರು. ಗೋಳ ಮತ್ತೆ ಬರಿಯ ಗೋಳವಾಯಿತು. ಅದನ್ನು ನೋಡಿದ ಮೇಲೆಯೇ ಟೋಪಿಯೂ ಒಂದು ದಿನ ಹೋದೀತು ಅನ್ನುವ ಆಸೆ ಹುಟ್ಟಿದ್ದು.

2015ರ ಜನವರಿಯಲ್ಲಿ ಟೋಪಿ ಕೀಳುವ ಕೆಲಸ ಶುರುವಾಯಿತು. ಫೆಬ್ರವರಿ ಮುಗಿಯುವ ಹೊತ್ತಿಗೆ ಜಾಗ ಖಾಲಿ. ಆ ವಾರಗಳಲ್ಲಿ ಜನ ಹಾಕುತ್ತಿದ್ದ ಫೋಟೋಗಳನ್ನು ನಾನು ದಿನಾ ನೋಡುತ್ತಿದ್ದೆ. ಟೋಪಿ ಚೂರು ಚೂರಾಗಿ ಇಳಿದಂತೆ ಹಿಂದಿನಿಂದ ಥಿಯೇಟರಿನ ಚಾವಣಿ ಮೇಲೇಳುತ್ತಿತ್ತು. ಮಗಳಿಗೆ ಆಗ ಹನ್ನೆರಡು ದಾಟಿತ್ತು. ಒಂದು ಫೋಟೋ ತೋರಿಸಿದೆ. ನೋಡಿ ಸುಮ್ನೆ ಎದ್ದು ಹೋದಳು. ನನಗೆ ಖುಷಿ, ಅವಳಿಗೆ ಸಂಕಟ. ಆ ಸಂಜೆ ಅವಳ ಜೊತೆ ವಾದ ಮಾಡಬೇಕು ಅಂತ ನನಗೆ ಅನಿಸಲಿಲ್ಲ.

ಮುಂದಿನ ವರ್ಷ ಅವಳನ್ನೇ ಕರೆದುಕೊಂಡು ಹೋದೆವು. ಮತ್ತೆ ಮಳೆ ಬಂದು ನಿಂತಿತ್ತು. ಸಂಜೆ, ದೀಪ ಹತ್ತುವ ಹೊತ್ತು. ಗೇಟು ದಾಟಿ ಒಳಗೆ ಬಂದೆವು. ಒದ್ದೆ ರಸ್ತೆಯ ಮೇಲೆ ಎರಡೂ ಕಡೆಯ ನಿಯಾನ್ ದೀಪಗಳ ಬಣ್ಣ ಹರಡಿತ್ತು. ಎದುರಿಗೆ, ತುದಿಯಲ್ಲಿ, ಆ ಥಿಯೇಟರ್. ಮಗಳು ಏನೂ ಮಾತಾಡದೆ ನಡೆಯುತ್ತಾ ಹೋದಳು. ನಾನು ಹಿಂದೆ ಹೋದೆ. ಅಂಗಳದಲ್ಲಿ ಕೂತು ಸಿಮೆಂಟಿನ ಕೈ ಗುರುತುಗಳ ಮೇಲೆ ತನ್ನ ಕೈ ಇಟ್ಟು ಅಳತೆ ನೋಡಿದಳು. ಒಂದಾದ ಮೇಲೆ ಒಂದು, ಸುಮಾರು ಹೊತ್ತು. 'ಟೋಪಿ ಇದ್ದಿದ್ದರೆ ಚೆನ್ನಾಗಿತ್ತು. ಆದ್ರೆ ಇದೂ ಚೆನ್ನಾಗಿದೆ ಅಮ್ಮಾ' ಅಂದಳು. ನನಗೆ ಅಷ್ಟು ಸಾಕಾಗಿತ್ತು.

ಆದರೆ ನೋಟ ಸಿಕ್ಕಿದ್ದಕ್ಕೆ ಕುಣಿದ ನಾವು ಎರಡೇ ವರ್ಷದಲ್ಲಿ ಇನ್ನೊಂದನ್ನು ಕಳೆದುಕೊಂಡೆವು. ಥಿಯೇಟರಿನ ಒಳಗೆ ಮೊದಲ ದಿನದಿಂದ ನಡೆಯುತ್ತಿದ್ದ ಗ್ರೇಟ್ ಮೂವಿ ರೈಡ್ 2017ರ ಆಗಸ್ಟ್ 13ಕ್ಕೆ ನಿಂತಿತು. ದೊಡ್ಡ ಗಾಡಿಯಲ್ಲಿ ಕೂತು ಹಳೆಯ ಸಿನಿಮಾಗಳ ದೃಶ್ಯಗಳ ನಡುವೆ ಹಾದುಹೋಗುವ ರೈಡ್ ಅದು. ಬೀದಿ ಯಾವ ಕತೆ ಹೇಳುತ್ತಿತ್ತೋ ಒಳಗಿನ ರೈಡ್ ಅದನ್ನೇ ಮುಂದುವರಿಸುತ್ತಿತ್ತು. ಈಗ ಅಲ್ಲಿ 2020ರ ಮಾರ್ಚ್‌ನಲ್ಲಿ ಶುರುವಾದ ಮಿಕ್ಕಿ ಮಿನ್ನಿಯ ರೈಲಿನ ರೈಡ್ ಇದೆ. ಕಿವಿಯ ನೀರಿನ ಟ್ಯಾಂಕನ್ನೂ 2016ರಲ್ಲಿ ಇಳಿಸಿದರು. ಟೋಪಿ ತೆಗೆದದ್ದು ಸರಿ ಅಂತ ಈಗಲೂ ಗಟ್ಟಿಯಾಗಿ ಹೇಳುತ್ತೇನೆ. ರೈಡ್ ತೆಗೆದದ್ದು ಮಾತ್ರ ನನಗೆ ಇವತ್ತಿಗೂ ನೋವು. ಬೀದಿ ಕರೆದುಕೊಂಡು ಹೋಗುತ್ತದೆ, ಬಾಗಿಲೂ ಅದೇ, ಒಳಗೆ ಬೇರೆ ಯಾರದೋ ಸಂಸಾರ.

ನೀವು ಇನ್ನೊಮ್ಮೆ ಹೋದರೆ ಮಧ್ಯಾಹ್ನ ಬೇಡ, ಸಂಜೆ ದೀಪ ಹತ್ತುವಾಗ ಆ ಬೀದಿಯಲ್ಲಿ ನಡೆಯಿರಿ. ಅಂಗಳದ ಕೈ ಗುರುತುಗಳನ್ನೂ ಬಿಡಬೇಡಿ. ಅದಕ್ಕೆ ಮೊದಲು ಮನೆಯಲ್ಲಿರುವ ಆ 2009ರ ಫೋಟೋ ತೆಗೆದು ಟೋಪಿಯ ಅಂಚಿನ ಎರಡೂ ಬದಿ ಸ್ವಲ್ಪ ಹತ್ತಿರದಿಂದ ನೋಡಿ. ನಮ್ಮ ಫೋಟೋದಲ್ಲಿ ಬಲಗಡೆ ಒಂದು ಕೆಂಪು ಕಂಬದ ಚೂರು ಕಾಣುತ್ತದೆ. ನಿಮ್ಮದರಲ್ಲೂ ಇರಬಹುದು.