ಇಬ್ಬರಿಗೆ ಬುಕ್ ಮಾಡಿದ್ದ ರೂಮಿಗೆ ಒಬ್ನೇ ಹೋಗ್ಲಾ?

ಪ್ರಶ್ನೆ: ಮೇಡಂ ನಮಸ್ತೆ, ನಂಗೆ 29 ವರ್ಷ, ದಾವಣಗೆರೆ ಕಡೆಯವ್ನು, ಬೆಂಗಳೂರಲ್ಲಿ ಕೆಲ್ಸ. ಮೂರ್ನಾಲ್ಕು ವರ್ಷದಿಂದ ಲವ್ ಮಾಡ್ತಿದ್ದ ಹುಡುಗಿ ಕಳೆದ ತಿಂಗಳು ಬೇಡ ಅಂದ್ಬಿಟ್ಲು, ಮನೆಯವ್ರ ಒತ್ತಡ ಅಂತೇನೂ ಅಲ್ಲ, ಅವ್ಳಿಗೇ ಸಾಕಾಗಿತ್ತಂತೆ. ಫೆಬ್ರವರಿ 14ಕ್ಕೆ ಅಂತ ಚಿಕ್ಕಮಗಳೂರಲ್ಲಿ ಹೋಮ್‌ಸ್ಟೇ ಮೊದ್ಲೇ ಬುಕ್ ಮಾಡಿದ್ವಿ, ಕಪಲ್ ಪ್ಯಾಕೇಜು, ಕ್ಯಾಂಡಲ್ ಲೈಟ್ ಡಿನ್ನರ್ ಎಲ್ಲ ಸೇರಿ, ದುಡ್ಡು ಅರ್ಧರ್ಧ ಹಾಕಿದ್ವಿ, ಈಗ ಕ್ಯಾನ್ಸಲ್ ಮಾಡಿದ್ರೆ ಒಂದ್ರೂಪಾಯಿನೂ ವಾಪಸ್ ಬರಲ್ಲ. ಒಬ್ನೇ ಹೋಗಿ, ಆರಾಮಾಗಿದೀನಿ ಅಂತ ನಾಲ್ಕು ಫೋಟೋ ಸ್ಟೇಟಸ್‌ಗೆ ಹಾಕ್ಬೇಕು ಅನ್ಸ್ತಿದೆ. ಹೋಗ್ಲಾ ಬೇಡ್ವಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಹೋಗಿ, ಆದ್ರೆ 14ಕ್ಕೆ ಬೇಡ.

ಇವತ್ತೇ ಹೋಮ್‌ಸ್ಟೇಗೆ ಫೋನ್ ಮಾಡಿ, ರಿಫಂಡ್ ಸುದ್ದಿನೇ ಎತ್ಬೇಡಿ, ಡೇಟ್ ಮುಂದಕ್ಕೆ ಹಾಕ್ತೀರಾ ಅಂತ ಕೇಳಿ. ದುಡ್ಡು ವಾಪಸ್ ಕೊಡೋಕೆ ಯಾರಿಗೂ ಕೈ ಬರಲ್ಲ, ಆದ್ರೆ 14ನೇ ತಾರೀಕಿನ ರೂಮಿಗೆ ಕಾಯೋರು ಸಾಲಾಗಿರ್ತಾರೆ, ಅದನ್ನ ಬಿಟ್ಕೊಟ್ಟು ಮಾರ್ಚ್‌ನಲ್ಲಿ ಸೋಮವಾರ ಮಂಗಳವಾರ ಬರ್ತೀನಿ ಅಂದ್ರೆ ಓನರ್‌ಗೂ ಲಾಭಾನೇ. ಒಬ್ನೇ ಬರೋದು ಅಂತ ಆಗ್ಲೇ ಹೇಳ್ಬಿಡಿ. ಎಷ್ಟೋ ಕಡೆ ಫ್ಯಾಮಿಲಿ, ಕಪಲ್ಸ್‌ಗೆ ಮಾತ್ರ ಅಂತಾರೆ, ಒಂಟಿ ಗಂಡಸು ಬ್ಯಾಗ್ ಹಿಡ್ಕೊಂಡು ಗೇಟ್ ಹತ್ರ ನಿಂತ್ರೆ ಸುಮ್ನೆ ಮುಜುಗರ. ಬುಕಿಂಗ್ ಆ ಹುಡುಗಿ ಹೆಸ್ರಲ್ಲಿದ್ರೆ ನಿಮ್ಮ ಹೆಸ್ರಿಗೆ ಬದ್ಲಾಯಿಸಿ, ಚೆಕ್-ಇನ್‌ನಲ್ಲಿ ಆಧಾರ್ ಕೇಳ್ತಾರೆ. ಕ್ಯಾಂಡಲ್ ಡಿನ್ನರ್, ಹಾಸಿಗೆ ಮೇಲೆ ಗುಲಾಬಿ ಪಕಳೆ, ಅದೆಲ್ಲ ತೆಗೆಸ್ಬಿಡಿ, ಅದರ ಬದ್ಲು ತೋಟ ಸುತ್ತಾಡಿಸಿ ಅನ್ನಿ.

ಮಾರ್ಚ್ ಅಂದಿದ್ದು ಸುಮ್ನೆ ಅಲ್ಲ. ಹೂ ಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಬೇಸಿಗೆ ಮಳೆ, ಒಂದು ಹದವಾಗಿ ಬಿದ್ರೆ ವಾರ ಹತ್ತು ದಿನಕ್ಕೆ ಕಾಫಿ ಗಿಡದ ಕೊಂಬೆ ಕೊಂಬೆಗೂ ಬಿಳೀ ಹೂವು ಕಚ್ಚಿರುತ್ತೆ, ತೋಟಕ್ಕೆ ತೋಟಾನೇ ಮಲ್ಲಿಗೆ ಥರ ಘಮ್ ಅನ್ನುತ್ತೆ, ಇರೋದು ಬರೀ ಮೂರ್ನಾಲ್ಕು ದಿನ. ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಕೋ ರೋಬಸ್ಟಾ ಜಾತಿ ಕಾಫಿ ತೋಟದಲ್ಲಿ ಮಳೆಗೂ ಕಾಯ್ಬೇಕಿಲ್ಲ. ಹೂ ಆಗಿದ್ಯಾ ಅಂತ ಕೇಳ್ಕೊಂಡೇ ದಿನ ಗೊತ್ತು ಮಾಡಿ.

ಮುಳ್ಳಯ್ಯನಗಿರಿ ಈ ಸಲಕ್ಕೆ ಬಿಡಿ, ಅಲ್ಲಿ ನೀವು ಜೋಡಿಗಳ ಫೋಟೋ ತೆಗೆದುಕೊಡೋದರಲ್ಲೇ ಸುಸ್ತಾಗ್ತೀರ. ಜಾವಗಲ್ ರೋಡಲ್ಲಿ ಬೆಳವಾಡಿಗೆ ಹೋಗಿ. ಹೊಯ್ಸಳರ ವೀರನಾರಾಯಣ ದೇವಸ್ಥಾನ, ಮೂರು ಗರ್ಭಗುಡಿ, ಬೇಲೂರು ಹಳೇಬೀಡಿನ ಗದ್ದಲ ಇಲ್ಲ. ಕಂಬಗಳು ಎಷ್ಟು ನುಣುಪು ಅಂದ್ರೆ ಎದುರು ನಿಂತ್ರೆ ನಿಮ್ಮ ಪ್ರತಿಬಿಂಬ ಕಾಣುತ್ತೆ. ಅಲ್ಲಿ ಮಧ್ಯಾಹ್ನ ಪೂರ್ತಿ ಕೂತ್ರೂ ಯಾಕೆ ಒಬ್ರೇ ಅಂತ ಯಾರೂ ಕೇಳಲ್ಲ.

ಇನ್ನು ಸ್ಟೇಟಸ್ಸು. ಬೇಜಾರಾಗ್ಬೇಡಿ, ಆ ಫೋಟೋ ನೀವು ಹಾಕ್ಬೇಕು ಅಂತಿರೋದು ಒಬ್ರು ನೋಡ್ಲಿ ಅಂತ. ಹಾಕಿದ್ಮೇಲೆ ತೋಟ ನೋಡಲ್ಲ ನೀವು, ಯಾರ್ ನೋಡಿದ್ರು ಅನ್ನೋ ಲಿಸ್ಟ್ ನೋಡ್ತಾ ಕೂರ್ತೀರ, ಅವ್ರ ಹೆಸ್ರು ಬಂದ್ರೂ ಕಷ್ಟ ಬರದಿದ್ರೂ ಕಷ್ಟ. ಹಾಕ್ಲೇಬೇಕಂದ್ರೆ ಊರಿಗೆ ವಾಪಸ್ ಬಂದ ಮೇಲೆ ಹಾಕಿ.

ಒಂದು ಮಾತು ಮಾತ್ರ ಸೀರಿಯಸ್ಸಾಗಿ. ರಾತ್ರಿ ನಿದ್ದೆ ಇಲ್ಲ, ಕುಡಿತ ಜಾಸ್ತಿ ಆಗಿದೆ, ಬದುಕೇ ಬೇಡ ಅನ್ಸ್ತಿದೆ ಅನ್ನೋ ಹಾಗಿದ್ರೆ ಒಬ್ರೇ ಹೋಗೋ ಪ್ಲಾನ್ ಸದ್ಯಕ್ಕೆ ಬಿಡಿ, ಅಣ್ಣನೋ ಗೆಳೆಯನೋ ಜೊತೆಗಿರ್ಲಿ, 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಫ್ರೀ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ.

ಮತ್ತೆ, ರೂಮು ನೀವೊಬ್ರೇ ಬಳಸ್ತೀರ ಅಂದ್ಮೇಲೆ ಆ ಹುಡುಗಿ ಹಾಕಿದ್ದ ಅರ್ಧ ದುಡ್ಡು ಫೋನ್‌ಪೇ ಮಾಡ್ಬಿಡಿ. ಮೆಸೇಜ್ ಬರೆಯೋ ಜಾಗದಲ್ಲಿ ಏನೂ ಬರೀಬೇಡಿ.