ಓದುಗರ ಪ್ರಶ್ನೆ: ಜೈಲಿಂದ ಬಂದೋರ ಕೈಲಿ ಗಿಡ ನೆಡಿಸಿದ ಮನೆ

ಪ್ರಶ್ನೆ: ನೂರು ವರ್ಷದ ಹಿಂದೆ ಇಂಗ್ಲೆಂಡಲ್ಲಿ ವೋಟಿಗಾಗಿ ಜೈಲಿಗೆ ಹೋದ ಹೆಂಗಸರನ್ನ ಒಂದು ದೊಡ್ಡ ಮನೆಯವರು ಬಚ್ಚಿಟ್ಕೊಂಡು ಕಾಪಾಡಿದ್ರಂತೆ ಹೌದಾ ಸಾರ್? ಪೊಲೀಸ್ರು ಮನೆಯವರನ್ನ ಸುಮ್ನೆ ಬಿಟ್ರಾ?

ಉತ್ತರ: ನೀವು ಕೇಳ್ತಿರೋದು ಬಾತ್ ಊರಿನ ಪಕ್ಕ ಬಾತೀಸ್ಟನ್‌ನಲ್ಲಿದ್ದ ಈಗಲ್ ಹೌಸ್ ಬಗ್ಗೆ ಇರ್ಬೇಕು. ಆದ್ರೆ ಬಚ್ಚಿಟ್ರು ಅನ್ನೋದು ಸರಿಯಲ್ಲ. ಅಲ್ಲಿಗೆ ಬರ್ತಿದ್ದವರಲ್ಲಿ ಎಷ್ಟೋ ಜನ ಶಿಕ್ಷೆ ಮುಗಿಸಿ ಹೊರಗೆ ಬಂದವರು, ಜೈಲಲ್ಲಿ ಸೊರಗಿ ಬಂದವರಿಗೆ ನಾಲ್ಕು ದಿನ ನಿದ್ದೆ, ಊಟ, ತೋಟದ ಗಾಳಿ ಬೇಕಿತ್ತು ಅಷ್ಟೇ, ಅಂಥೋರನ್ನ ಮನೇಲಿ ಇಟ್ಕೊಂಡ್ರೆ ಯಾವ ಕೇಸು ಹಾಕ್ತಾರೆ ಹೇಳಿ.

ಮನೆ ಕರ್ನಲ್ ಲಿನ್ಲೆ ಬ್ಲಾತ್‌ವೇಟ್ ಅನ್ನೋ ರಿಟೈರ್ಡ್ ಮಿಲಿಟರಿ ಆಫೀಸರದ್ದು. ಹೆಂಡತಿ ಎಮಿಲಿ, ಮಗಳು ಮೇರಿ. ಎಮೆಲಿನ್ ಪ್ಯಾಂಕ್‌ಹರ್ಸ್ಟ್ ಅನ್ನೋರು ಹೆಂಗಸರ ವೋಟಿಗಾಗಿ ಕಟ್ಟಿದ ಡಬ್ಲ್ಯು.ಎಸ್.ಪಿ.ಯು. ಅನ್ನೋ ಸಂಘಟನೆಗೆ ಮೇರಿ ಸೇರಿದ್ಲು, ಅದರ ಕಾರ್ಯಕರ್ತೆ ಆನಿ ಕೆನ್ನಿ ಜೊತೆ ಓಡಾಡಿ ಕೆಲಸ ಮಾಡ್ತಿದ್ಲು. ಈ ಆನಿ ಹತ್ತನೇ ವಯಸ್ಸಿಗೇ ಹತ್ತಿ ಮಿಲ್ಲಿಗೆ ಸೇರಿ ಅಲ್ಲೇ ಒಂದು ಬೆರಳು ಕಳ್ಕೊಂಡವಳು, 1905ರಲ್ಲಿ ಮ್ಯಾಂಚೆಸ್ಟರ್ ಸಭೆಯಲ್ಲಿ ಹೆಂಗಸರಿಗೆ ವೋಟು ಕೊಡ್ತೀರಾ ಅಂತ ಕೇಳಿ ಎಮೆಲಿನ್ ಮಗಳು ಕ್ರಿಸ್ಟಬೆಲ್ ಪ್ಯಾಂಕ್‌ಹರ್ಸ್ಟ್ ಜೊತೆ ಜೈಲಿಗೆ ಹೋದವಳು. ಮಿಲ್ಲಿನ ಹುಡುಗಿ ಕರ್ನಲ್ ಮನೇಲಿ ಮನೆಮಗಳ ಥರ ಇದ್ಲು ಅನ್ನೋದೇ ಆ ಕಾಲಕ್ಕೆ ದೊಡ್ಡ ಸುದ್ದಿ.

1909ರಿಂದ 1911ರ ತನಕ ಬಂದವರ ಕೈಲಿ ಗಿಡ ನೆಡಿಸಿದ್ರು, ಕಡಿಮೆ ಅಂದ್ರೂ 47. ಜೈಲಿಗೆ ಹೋಗಿ ಬಂದವರಿಗೆ ಪೈನ್ ಜಾತಿಯ ಮರ, ಹೋಗದವರಿಗೆ ಹಾಲಿ (holly) ಅನ್ನೋ ಮುಳ್ಳೆಲೆಯ ಗಿಡ! ಪ್ರತಿ ಗಿಡಕ್ಕೂ ಹೆಸರಿನ ಫಲಕ, ಕರ್ನಲ್ ಸಾಹೇಬರು ಕ್ಯಾಮೆರಾ ಹಿಡ್ಕೊಂಡು ಒಬ್ಬೊಬ್ಬರದ್ದೂ ಫೋಟೋ ತೆಗೆದ್ರು. ನಮ್ಮ ದೇಶಕ್ಕೆ ವೈಸರಾಯ್ ಆಗಿದ್ದ ಲಿಟ್ಟನ್ ಮಗಳು ಕಾನ್‌ಸ್ಟನ್ಸ್ ಕೂಡ ಅಲ್ಲಿ ಗಿಡ ನೆಟ್ಟಿದ್ದಾಳೆ, ಅಪ್ಪ ವೈಸರಾಯ್, ಮಗಳು ಜೈಲು!

ಆದ್ರೆ ನನಗೆ ಇಂಟರೆಸ್ಟಿಂಗ್ ಅನ್ಸೋದು ಬೇರೆ. ಆಶ್ರಯ ಕೊಟ್ಟವರಿಗೇ ಎಲ್ಲಾನೂ ಒಪ್ಪಿಗೆ ಇರ್ಲಿಲ್ಲ. 1909ರ ಸೆಪ್ಟೆಂಬರಲ್ಲಿ ಇದೇ ಸಂಘಟನೆಯ ಎಲ್ಸಿ ಹೋವೀ, ವೆರಾ ವೆಂಟ್‌ವರ್ತ್ ಮತ್ತೆ ಆನಿಯ ತಂಗಿ ಜೆಸ್ಸಿ ಸೇರ್ಕೊಂಡು ಪ್ರಧಾನಿ ಆಸ್ಕ್ವಿತ್ ಮೇಲೆ ಬಿದ್ರು. ಎಲ್ಸಿ, ವೆರಾ ಇದೇ ಮನೆಯ ಉಪ್ಪು ತಿಂದವರು. ಎಮಿಲಿಗೆ ತಡ್ಕೊಳ್ಳೋಕಾಗ್ಲಿಲ್ಲ, ಸಂಘಟನೆಗೆ ರಾಜೀನಾಮೆ ಕೊಟ್ಲು, ಕರ್ನಲ್ ಕೂಡ ಸಿಟ್ಟಲ್ಲಿ ಪತ್ರ ಬರೆದ್ರು. ಹಾಗಂತ ಬಾಗಿಲು ಮುಚ್ಚಿದ್ರಾ ಅಂದ್ರೆ ಇಲ್ಲ, ಗಿಡ ನೆಡೋದು ಆಮೇಲೂ ಎರಡು ವರ್ಷ ನಡೀತು. 1913ರಲ್ಲಿ ಖಾಲಿ ಮನೆಗಳಿಗೆ ಬೆಂಕಿ ಇಡೋದು ಜೋರಾದಾಗ ಮೇರಿನೂ ಸಂಘಟನೆ ಬಿಟ್ಲು.

ಅಂದಹಾಗೆ ನೀವು ಕೇಳಿದ ಬಚ್ಚಿಡೋ ಕಥೆ ಹುಟ್ಟಿದ್ದು 1913ರಲ್ಲಿ ಬಂದ, ಜನ ಬೆಕ್ಕು-ಇಲಿ ಕಾನೂನು ಅಂತ ಕರೆದ ಕಾನೂನಿಂದ ಇರ್ಬೇಕು. ಜೈಲಲ್ಲಿ ಉಪವಾಸ ಕೂತು ನಿತ್ರಾಣ ಆದವರನ್ನ ಬಿಡೋದು, ಚೇತರಿಸ್ಕೊಂಡ ತಕ್ಷಣ ಮತ್ತೆ ಹಿಡಿಯೋದು. ಆಗ ನಿಜವಾಗ್ಲೂ ಅಡಗಿಕೊಳ್ಳೋಕೆ ಮನೆಗಳು ಬೇಕಾದ್ವು. ಈಗಲ್ ಹೌಸ್‌ನ ಒಳ್ಳೇ ದಿನ ಅದಕ್ಕೂ ಮುಂಚಿನವು.

ಪ್ರಶ್ನೆ: ಆ ತೋಟ ಈಗ್ಲೂ ಇದ್ಯಾ?

ಉತ್ತರ: ಇಲ್ಲ. 1960ರ ದಶಕದಲ್ಲಿ ಬುಲ್ಡೋಜರ್ ಹೊಡೆದು ಮನೆ ಕಟ್ಟಿದ್ರು. ರೋಸ್ ಲಾಮಾರ್ಟೀನ್ ಯೇಟ್ಸ್ ಅನ್ನೋ ಹೋರಾಟಗಾರ್ತಿ 1909ರಲ್ಲಿ ನೆಟ್ಟ ಆಸ್ಟ್ರಿಯನ್ ಪೈನ್ ಒಂದೇ ಉಳ್ಕೊಂಡಿದ್ದು. 2011ರಲ್ಲಿ ಬಾತ್‌ನಲ್ಲಿ ನೆನಪಿಗೆ ಅಂತ ರಾಯಲ್ ವಿಕ್ಟೋರಿಯಾ ಪಾರ್ಕು, ಆಲಿಸ್ ಪಾರ್ಕಲ್ಲಿ ಹೊಸ ಗಿಡ ನೆಟ್ಟಿದ್ದಾರೆ.