ವ್ಯಸನಕ್ಕೆ ಬಲಿಯಾದ ತಮ್ಮನ ನೆನಪಿನಲ್ಲಿ, ಚೇತರಿಸಿಕೊಳ್ಳುತ್ತಿರುವವರಿಗೆ ನೆರವಾಗಬೇಕೆಂದಿದ್ದೇನೆ. ನನ್ನ ದುಃಖ ಅದಕ್ಕೆ ಅಡ್ಡಿಯಾದೀತೇ?

ನಿಮ್ಮ ತಮ್ಮ ಕುಡಿತದಿಂದ ತೀರಿಕೊಂಡು ಹದಿನಾಲ್ಕು ತಿಂಗಳಾಗಿವೆ ಎಂದು ಬರೆದಿದ್ದೀರಿ. ಅವನ ಹೆಸರಿನಲ್ಲಿ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಸ್ವಯಂಸೇವೆ ಮಾಡುವ ಮನಸ್ಸಾಗಿದೆ, ಆದರೆ ಅಲ್ಲಿ ಹೋಗಿ ಕುಳಿತರೆ ಪ್ರತಿ ಮುಖದಲ್ಲೂ ಅವನೇ ಕಾಣಿಸಿ, ನೆರವಾಗುವ ಬದಲು ಹೊರೆಯಾದೇನೇ ಎಂಬ ಭಯವೂ ಇದೆ ಎಂದಿದ್ದೀರಿ. ನನ್ನ ಅಣ್ಣನನ್ನು ಕೊಂಡೊಯ್ದದ್ದು ಹೆರಾಯಿನ್. ಅವನು ಹೋದ ಮರುವರ್ಷ ನಾನು ಈ ಕೆಲಸಕ್ಕೆ ಸೇರಿದೆ; ಒಂಬತ್ತು ವರ್ಷಗಳಿಂದ ವಾರಕ್ಕೆ ಎರಡು ಸಂಜೆ ಇದನ್ನೇ ಮಾಡುತ್ತಿದ್ದೇನೆ. ನೀವು ಹೆದರುತ್ತಿರುವುದು ನಡೆದೇ ನಡೆಯುತ್ತದೆ. ಪ್ರತಿ ಮುಖದಲ್ಲೂ ಅಲ್ಲದಿದ್ದರೂ ಯಾವುದೋ ಒಂದು ಮುಖದಲ್ಲಿ ನಿಮ್ಮ ತಮ್ಮ ಕಾಣುತ್ತಾನೆ. ಹಾಗೆಂದು ಈ ಕೆಲಸ ನಿಮ್ಮಿಂದಾಗದು ಎಂದು ನಾನು ಹೇಳಲಾರೆ. ಆ ಗಳಿಗೆಯಲ್ಲಿ ಏನು ಮಾಡಬಾರದು ಎಂಬುದನ್ನು ಒಬ್ಬ ಹುಡುಗನಿಗೆ ನೋವು ಕೊಟ್ಟು ಕಲಿತವನು ನಾನು, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ನಾನು ಸೇರಿದ ಮೊದಲ ವರ್ಷ ಬಂದವನು ಅವನು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಅಣ್ಣ ತೀರಿಕೊಂಡಾಗ ಇದ್ದ ವಯಸ್ಸೇ ಅವನದೂ. ಹೇಗಿದ್ದೀಯ ಎಂದರೆ ಅಣ್ಣನಂತೆಯೇ ನೆಲ ನೋಡುತ್ತ 'ಚೆನ್ನಾಗಿದ್ದೇನೆ' ಎನ್ನುತ್ತಿದ್ದ. ಕೇಂದ್ರದ ನಿಯಮ ಮೀರಿ ಅವನಿಗೆ ನನ್ನ ಸ್ವಂತ ಫೋನ್ ನಂಬರ್ ಕೊಟ್ಟೆ, ದಿನಕ್ಕೆ ಮೂರು ಸಲ ನಾನೇ ಕರೆ ಮಾಡಿದೆ, ಅಣ್ಣನ ಸ್ವೆಟರ್ ತಂದು ಕೊಟ್ಟು ಅದು ಯಾರದೆಂಬುದನ್ನೂ ಹೇಳಿದೆ. ಸತ್ತವನ ಬಟ್ಟೆ ತೊಡಿಸಿ, ಇನ್ನು ಅವನ ಪಾಲಿನದನ್ನೂ ನೀನೇ ಬದುಕಿ ತೋರಿಸು ಎಂದು ಒಬ್ಬನ ಮೇಲೆ ಹೊರಿಸುವುದು ಎಷ್ಟು ಕ್ರೂರವೆಂದು ಆಗ ನನಗೆ ಹೊಳೆದಿರಲಿಲ್ಲ. ನಾಲ್ಕು ತಿಂಗಳ ನಂತರ ಅವನು ಮತ್ತೆ ಹೆರಾಯಿನ್ ಮುಟ್ಟಿದ, ತಾನಾಗಿಯೇ ಬಂದು ಹೇಳಿಯೂ ಹೇಳಿದ. ನಾನು ರೇಗಿದೆ, ನಿನಗಾಗಿ ಇಷ್ಟೆಲ್ಲ ಮಾಡಿದ್ದಕ್ಕೆ ಇದೇ ಏನು ಫಲ ಎಂದು ಕೂಗಾಡಿದೆ. ಅವನು ಸ್ವೆಟರನ್ನು ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟು, "ಸರ್, ನಿಮ್ಮ ಅಣ್ಣ ಹೋಗಿದ್ದಕ್ಕೆ ನಾನು ಉತ್ತರ ಕೊಡೋಕಾಗಲ್ಲ" ಎಂದು ಎದ್ದು ಹೋದ.

ಹನ್ನೆರಡು ವರ್ಷಗಳ ಹಿಂದೆ ತಾನೇ ಹೆರಾಯಿನ್ ಬಿಟ್ಟು ಬಂದಿದ್ದ ಹಿರಿಯ ಸ್ವಯಂಸೇವಕರೊಬ್ಬರು ಆ ರಾತ್ರಿಯೇ ಅವನನ್ನು ಹುಡುಕಿಕೊಂಡು ಹೋಗಿ ಕರೆತಂದರು. ಅವರು ನನ್ನನ್ನು ಬೈಯಲಿಲ್ಲ. ನಾಚಿಕೆಪಟ್ಟವನು ಬಾಗಿಲು ಹಾಕಿಕೊಂಡು ಒಬ್ಬನೇ ತೆಗೆದುಕೊಳ್ಳುತ್ತಾನೆ, ಒಬ್ಬನೇ ಇದ್ದಾಗ ಉಸಿರು ನಿಂತರೆ ನೋಡುವವರು ಯಾರೂ ಇರುವುದಿಲ್ಲ, ನೀವು ಅವನನ್ನು ಆ ಬಾಗಿಲ ಕಡೆಗೆ ತಳ್ಳಿದಿರಿ ಎಂದಷ್ಟೇ ಹೇಳಿದರು. ನಾನು ಆಗ ಕೆಲಸ ಬಿಡಬೇಕೆಂದುಕೊಂಡೆ. ಅವರೇ ತಡೆದು, ಮೂರು ತಿಂಗಳು ಯಾರ ಜೊತೆಯೂ ನೇರವಾಗಿ ಒಡನಾಡದೆ ಕಡತ, ಫೋನ್, ಬಾಗಿಲು ನೋಡಿಕೊಳ್ಳುವ ಕೆಲಸ ಮಾತ್ರ ಮಾಡಿಸಿದರು.

ಅವರ ಮಾತು ನನ್ನನ್ನು ಅಷ್ಟು ಚುಚ್ಚಿದ್ದಕ್ಕೆ ಕಾರಣವಿತ್ತು, ಏಕೆಂದರೆ ಅಣ್ಣ ತೀರಿಕೊಂಡದ್ದೂ ಹಾಗೆಯೇ. ಅವನು ನಲವತ್ತು ದಿನ ಒಂದು ಕೇಂದ್ರದಲ್ಲಿದ್ದು, ಮೈಕೈ ತುಂಬಿಕೊಂಡು ಮನೆಗೆ ಬಂದಿದ್ದ. ನಾವು ಗಂಡಾಂತರ ಕಳೆಯಿತೆಂದು ಸಂಭ್ರಮಪಟ್ಟೆವು. ನಿಜವಾಗಿ ಗಂಡಾಂತರ ಶುರುವಾಗಿದ್ದೇ ಆಗ ಎಂದು ಅಲ್ಲಿ ಯಾರೂ ನಮಗೆ ಹೇಳಿರಲಿಲ್ಲ. ಹೆರಾಯಿನ್, ಮಾರ್ಫಿನ್, ಫೆಂಟನಿಲ್ ಮೊದಲಾದ ಓಪಿಯಾಯ್ಡ್‌ಗಳನ್ನು ದಿನವೂ ತೆಗೆದುಕೊಳ್ಳುವವರ ದೇಹ ಅವುಗಳಿಗೆ ಒಗ್ಗಿಕೊಂಡಿರುತ್ತದೆ. ಕೆಲವು ವಾರ ಬಿಟ್ಟರೆ ಆ ಒಗ್ಗಿಕೆ ಇಳಿದುಹೋಗುತ್ತದೆ. ಆಮೇಲೆ ಒಂದು ದುರ್ಬಲ ಗಳಿಗೆಯಲ್ಲಿ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಮಿದುಳಿನಲ್ಲಿ ಉಸಿರಾಟವನ್ನು ನಡೆಸುವ ಭಾಗ ಮಂಕಾಗಿ ಉಸಿರು ನಿಲ್ಲುತ್ತದೆ. ಚಿಕಿತ್ಸಾ ಕೇಂದ್ರದಿಂದಲೋ ಸೆರೆಮನೆಯಿಂದಲೋ ಹೊರಬಂದ ಮೊದಲ ವಾರಗಳು ಅತ್ಯಂತ ಅಪಾಯದವು ಎನ್ನುವುದು ಇದಕ್ಕೇ. ಉಸಿರನ್ನು ಮರಳಿಸುವ ನಲಾಕ್ಸೋನ್ ಎಂಬ ಔಷಧ ಇದೆ. ಅಮೆರಿಕದಲ್ಲಿ ಅದಕ್ಕೆ 1971ರಲ್ಲೇ ಅನುಮತಿ ಸಿಕ್ಕಿತ್ತು, ಈಗ ಮೂಗಿಗೆ ಸಿಂಪಡಿಸುವ ರೂಪದಲ್ಲೂ ಬಂದಿದೆ, ತರಬೇತಿ ಪಡೆದ ಯಾರು ಬೇಕಾದರೂ ಕೊಡಬಹುದು. ಅದರ ಪರಿಣಾಮ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮಾತ್ರ ಇರುವುದರಿಂದ ಕೊಟ್ಟ ಮೇಲೂ ಆಂಬ್ಯುಲೆನ್ಸ್ ಕರೆಯಲೇಬೇಕು. ಆದರೆ ಪ್ರಜ್ಞೆ ತಪ್ಪಿದವನು ತನಗೆ ತಾನೇ ಅದನ್ನು ಕೊಟ್ಟುಕೊಳ್ಳಲಾರ. ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕು. ನಾನು ಈ ಕೆಲಸವನ್ನು ಅರ್ಥ ಮಾಡಿಕೊಂಡಿರುವುದು ಇಷ್ಟರಲ್ಲೇ: ನಾವು ಯಾರನ್ನೂ ಗುಣಪಡಿಸುವವರಲ್ಲ, ಪಕ್ಕದಲ್ಲಿ ಇರುವವರು. ಇದ್ದವರನ್ನು ದೂರ ಓಡಿಸುವ ಮಾತನ್ನು ನಾವೇ ಆಡಿದರೆ ಅಲ್ಲಿಗೆ ಎಲ್ಲ ಮುಗಿಯಿತು.

ನಿಮ್ಮ ತಮ್ಮನದು ಕುಡಿತವಾದ್ದರಿಂದ ನೀವು ಬಹುಶಃ ಕುಡಿತ ಬಿಡುತ್ತಿರುವವರ ಜೊತೆಗೇ ಹೆಚ್ಚು ಇರುತ್ತೀರಿ. ಅಲ್ಲಿ ಅಪಾಯ ಬೇರೆ ಕಡೆಯಿಂದ ಬರುತ್ತದೆ. ಬಹುಕಾಲ ವಿಪರೀತ ಕುಡಿದವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೈನಡುಕ, ಜ್ವರ, ಇಲ್ಲದ್ದು ಕಾಣಿಸುವ ಭ್ರಮೆ ಎಲ್ಲ ಸೇರಿ ಜೀವಕ್ಕೇ ಎರವಾಗಬಹುದು. 'ಮನಸ್ಸು ಗಟ್ಟಿ ಮಾಡಿ ಇವತ್ತೇ ಬಿಟ್ಟುಬಿಡಿ' ಎಂಬ ಪ್ರೀತಿಯ ಸಲಹೆಯನ್ನು ಸ್ವಯಂಸೇವಕರು ಎಂದೂ ಕೊಡಬಾರದು. ಬಿಡಿಸುವುದು ವೈದ್ಯರ ಕೆಲಸ. ಹಾಗೆಯೇ ಹೆರಾಯಿನ್‌ನಂಥ ಓಪಿಯಾಯ್ಡ್‌ಗಳ ಚಟಕ್ಕೆ ವೈದ್ಯರು ಕೊಡುವ ಮೆಥಡೋನ್, ಬ್ಯುಪ್ರೆನಾರ್ಫಿನ್ ಎಂಬ ಔಷಧಗಳನ್ನು ತೆಗೆದುಕೊಳ್ಳುತ್ತಿರುವವರನ್ನು ಕಂಡು, ಒಂದು ಚಟ ಬಿಟ್ಟು ಇನ್ನೊಂದನ್ನು ಹಿಡಿದಿದ್ದಾನೆ ಎಂದು ಮೂಗು ಮುರಿಯುವವರು ಚೇತರಿಸಿಕೊಂಡವರ ನಡುವೆಯೂ ಇದ್ದಾರೆ. ಅವರ ಮಾತಿಗೆ ದನಿ ಸೇರಿಸಬೇಡಿ. 2005ರಿಂದ ಆ ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿವೆ. ಅಣ್ಣನಿಗೆ ಅವುಗಳಲ್ಲಿ ಒಂದನ್ನು ಕೊಡಿಸುವ ಅವಕಾಶ ನಮಗಿತ್ತು. ಮಾತ್ರೆಯ ಹಂಗಿಲ್ಲದೆ ಬಿಡಲಿ ಎಂಬ ನಮ್ಮ ಹಟದಿಂದ ಕೊಡಿಸಲಿಲ್ಲ.

ಮತ್ತೆ ಕುಡಿಯುವುದು, ಮತ್ತೆ ಸೇದುವುದು ಈ ದಾರಿಯಲ್ಲಿ ಅಪರೂಪವಲ್ಲ. ವ್ಯಸನಕ್ಕೆ ಚಿಕಿತ್ಸೆ ಪಡೆದವರಲ್ಲಿ ಅದು ಮರುಕಳಿಸುವ ಪ್ರಮಾಣ ಶೇ. 40ರಿಂದ 60 ಎಂದು ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಶೋಧನಾ ಸಂಸ್ಥೆ ಹೇಳುತ್ತದೆ. ರಕ್ತದೊತ್ತಡ, ಅಸ್ತಮಾದಂಥ ದೀರ್ಘಕಾಲದ ಕಾಯಿಲೆಗಳಲ್ಲಿ ಲಕ್ಷಣಗಳು ಮರಳುವುದೂ ಹೆಚ್ಚುಕಡಿಮೆ ಅಷ್ಟೇ. ರಕ್ತದೊತ್ತಡ ಮತ್ತೆ ಏರಿತೆಂದು ಯಾರೂ ಯಾರ ಮೇಲೂ ಕೂಗಾಡುವುದಿಲ್ಲ. ಈ ಅಂಕಿಯನ್ನು ಓದುವುದು ಸುಲಭ, ನಿಮ್ಮ ಮುಂದೆ ಕುಳಿತವರು 'ಜಾರಿಬಿಟ್ಟೆ' ಎಂದಾಗ ನೆನಪಿಟ್ಟುಕೊಳ್ಳುವುದು ಕಷ್ಟ. ನಿಮ್ಮ ತಮ್ಮನೂ ಒಮ್ಮೆ ನಿಮ್ಮ ಮುಂದೆ ಆ ಮಾತು ಹೇಳಿದ್ದರೆ, ಆಗ ನೀವು ಕೊಟ್ಟ ಉತ್ತರ ಇಂದಿಗೂ ನಿಮ್ಮನ್ನು ಕಾಡುತ್ತಿದ್ದರೆ, ಆ ಗಳಿಗೆಗಾಗಿ ಮುಂಚಿತವಾಗಿಯೇ ಒಂದು ವಾಕ್ಯವನ್ನು ಸಿದ್ಧಮಾಡಿಟ್ಟುಕೊಳ್ಳಿ. ನನ್ನದು, "ಬಂದು ಹೇಳಿದ್ದು ಒಳ್ಳೆಯದಾಯಿತು, ಕೂತುಕೋ." ಅದಕ್ಕಿಂತ ಹೆಚ್ಚಿನದನ್ನು ಆಡಲು ಆ ಹೊತ್ತಿನಲ್ಲಿ ನನ್ನ ಮೇಲೆ ನನಗೇ ನಂಬಿಕೆಯಿಲ್ಲ.

ಹದಿನಾಲ್ಕು ತಿಂಗಳು ಸಾಕೇ ಎಂದು ನೀವು ಕೇಳಿಲ್ಲವಾದರೂ ಪ್ರಶ್ನೆಯ ಒಳಗೆ ಅದು ಇದೆ ಎನಿಸಿತು. ನಮ್ಮ ಕೇಂದ್ರದಲ್ಲಿ ಕನಿಷ್ಠ ಒಂದು ವರ್ಷ ಕಾಯಲು ಹೇಳುತ್ತಾರೆ, ಆದರೆ ದಿನಗಳ ಎಣಿಕೆಗಿಂತ ನೀವು ಈವರೆಗೆ ಯಾರ ಬಳಿಯಾದರೂ ಮನಸಾರೆ ಅತ್ತಿದ್ದೀರಾ ಎಂಬುದು ನನಗೆ ಮುಖ್ಯವೆನಿಸುತ್ತದೆ. ಕ್ಯಾನ್ಸರ್‌ನಿಂದ ಹೋದವರ ಮನೆಗೆ ಬರುವ ಸಾಂತ್ವನ ಕುಡಿದು ಹೋದವರ ಮನೆಗೆ ಬರುವುದಿಲ್ಲ. 'ತಾನೇ ತಂದುಕೊಂಡದ್ದಲ್ಲವೇ' ಎಂಬ ಭಾವ ಬಂದವರ ಮುಖದಲ್ಲೇ ಇರುತ್ತದೆ, ಮನೆಯವರೂ ಸಾವಿನ ಕಾರಣವನ್ನು ಮುಚ್ಚಿಡುತ್ತಾರೆ. ಸಮಾಜ ಒಪ್ಪಿಕೊಳ್ಳದ ಇಂಥ ಶೋಕದ ಬಗ್ಗೆ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲೇ ವಿಸ್ತಾರವಾಗಿ ಬರೆದರು. ಹೊರಗೆ ಹೇಳಿಕೊಳ್ಳಲಾಗದ ಆ ಶೋಕ ಸೇವೆಯ ಹೆಸರಿನಲ್ಲಿ ದಾರಿ ಮಾಡಿಕೊಂಡು, ನನ್ನಲ್ಲಿ ಹೊರಬಂದ ಹಾಗೆ, ಯಾರೋ ಒಬ್ಬ ಅಮಾಯಕನ ಮೇಲೆ ಹೊರಬರುತ್ತದೆ. ಆದ್ದರಿಂದ ಕೊಡುವವರಾಗಿ ಹೋಗುವ ಮೊದಲು ಪಡೆಯುವವರಾಗಿ ಎಲ್ಲಿಗಾದರೂ ಹೋಗಿ ಬನ್ನಿ. ಕುಡಿಯುವವರ ಮನೆಯವರಿಗೆಂದೇ 1951ರಲ್ಲಿ ಆರಂಭವಾದ ಅಲ್-ಅನಾನ್ ಗುಂಪುಗಳು ಹಲವು ದೇಶಗಳಲ್ಲಿವೆ. ನಾವು ಇದಕ್ಕೆ ಕಾರಣರಲ್ಲ, ಇದನ್ನು ಹಿಡಿತದಲ್ಲಿಡಲಾರೆವು, ಇದನ್ನು ಗುಣಪಡಿಸಲಾರೆವು ಎಂದು ಅಲ್ಲಿ ಹೇಳುತ್ತಾರೆ. ಮೊದಲನೆಯ ಮಾತನ್ನು ನಂಬಲು ನನಗೆ ಎರಡು ವರ್ಷ ಬೇಕಾಯಿತು.

ನನ್ನ ನೋವು ಕಡಿಮೆಯಾಗಲೆಂದು ನಾನು ಇದನ್ನು ಮಾಡುತ್ತಿದ್ದೇನೆಯೇ, ಅದು ಸ್ವಾರ್ಥವಲ್ಲವೇ ಎಂಬ ಸಂಕೋಚ ನಿಮಗಿದ್ದರೆ ಅದನ್ನು ಬಿಟ್ಟುಬಿಡಿ. ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಸ್ಥೆ ಹುಟ್ಟಿದ್ದೇ ಹಾಗೆ. 1935ರಲ್ಲಿ ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ವ್ಯವಹಾರದಲ್ಲಿ ಸೋತು, ಅಮೆರಿಕದ ಆಕ್ರನ್ ಎಂಬ ಊರಿನ ಹೋಟೆಲೊಂದರಲ್ಲಿ ಒಂಟಿಯಾಗಿದ್ದಾಗ, ಅಲ್ಲಿಯ ಬಾರ್ ಅವರನ್ನು ಸೆಳೆಯತೊಡಗಿತು. ಇನ್ನೊಬ್ಬ ಕುಡುಕರ ಜೊತೆ ಮಾತಾಡಿದರೆ ಮಾತ್ರ ತಾನು ಉಳಿಯುತ್ತೇನೆಂದು ಅವರಿಗೆ ಅನ್ನಿಸಿ, ಅವರಿವರಿಗೆ ಫೋನ್ ಮಾಡಿ ವಿಚಾರಿಸಿದರು. ಹಾಗೆ ಸಿಕ್ಕವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಅವರು ಕೊನೆಯದಾಗಿ ಕುಡಿದ ದಿನವೆಂದು ನೆನೆಯುವ ಆ ವರ್ಷದ ಜೂನ್ 10ನ್ನೇ ಸಂಸ್ಥೆ ತನ್ನ ಸ್ಥಾಪನೆಯ ದಿನವೆಂದು ಎಣಿಸುತ್ತದೆ. ನೆರವು ಕೊಡುವವರಿಗೂ ಅದರಿಂದ ನೆರವಾಗುತ್ತದೆ ಎಂಬುದನ್ನು ಫ್ರ್ಯಾಂಕ್ ರೀಸ್‌ಮನ್ ಎಂಬ ಸಮಾಜವಿಜ್ಞಾನಿ 1965ರಲ್ಲಿ ಒಂದು ತತ್ತ್ವವಾಗಿಯೇ ಮಂಡಿಸಿದರು. ನಿಮಗೆ ಸಮಾಧಾನ ಸಿಗುವುದು ತಪ್ಪಲ್ಲ. ಆ ಸಮಾಧಾನ ಎದುರಿನವರು ಕುಡಿಯದೆ ಉಳಿಯುವುದನ್ನು ಅವಲಂಬಿಸಿದ್ದರೆ ಮಾತ್ರ ತೊಂದರೆ.

ಕೆಲಸದ ವಿಷಯಕ್ಕೆ ಬಂದರೆ, ಅದು ನೀವು ಊಹಿಸಿರುವುದಕ್ಕಿಂತ ಸಾದಾ. ಆಪ್ತಸಲಹೆ ಕೊಡುವುದು ತರಬೇತಾದವರ ಕೆಲಸ; ನಮ್ಮ ಪಾಲಿಗೆ ಬರುವುದು ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು, ಕಳೆದುಹೋದ ಗುರುತಿನ ಚೀಟಿಗೆ ಅರ್ಜಿ ತುಂಬುವುದು, ವರ್ಷಗಟ್ಟಲೆ ಮಾತುಬಿಟ್ಟಿರುವ ಅಕ್ಕನಿಗೆ ಕಾಗದ ಬರೆಯುವಾಗ ಸುಮ್ಮನೆ ಪಕ್ಕದಲ್ಲಿ ಕೂರುವುದು. ಕುಡಿತ ಬಿಟ್ಟವರಿಗೆ ಎಲ್ಲಕ್ಕಿಂತ ದೊಡ್ಡ ಕಷ್ಟ ಸಂಜೆ. ಮೊದಲು ಆ ನಾಲ್ಕೈದು ಗಂಟೆಗಳನ್ನು ಬಾಟಲಿಯೇ ತುಂಬುತ್ತಿತ್ತು, ಸ್ನೇಹಿತರೆಲ್ಲ ಅಲ್ಲಿಯೇ ಇದ್ದರು. ಈಗ ಆ ಹೊತ್ತು ಖಾಲಿ, ಸ್ನೇಹಿತರೂ ಇಲ್ಲ. ಹಸಿವು, ಸಿಟ್ಟು, ಒಂಟಿತನ, ಆಯಾಸ ಈ ನಾಲ್ಕರಲ್ಲಿ ಯಾವುದಾದರೂ ಒಂದು ಇದೆಯೇ ಎಂದು ನೋಡಿಕೊಳ್ಳಿ ಎಂದು ಅವರಿಗೆ ಕಲಿಸಿರುತ್ತಾರೆ. ಒಂಟಿತನವೊಂದನ್ನು ಮಾತ್ರ ಅವರು ಒಬ್ಬರೇ ನೀಗಿಸಿಕೊಳ್ಳಲಾರರು. ನಾನು ಪ್ರತಿ ಭಾನುವಾರ ಸಂಜೆ ಏಳಕ್ಕೆ ಒಬ್ಬರಿಗೆ ಕರೆ ಮಾಡುತ್ತೇನೆ, ಆರು ವರ್ಷಗಳಿಂದ. ನಾವು ಕುಡಿತದ ಮಾತನ್ನೇ ಆಡುವುದಿಲ್ಲ. ಅವರು ಬೆಳೆಸುತ್ತಿರುವ ಗಿಡಗಳ ವಿಷಯ ಹೇಳುತ್ತಾರೆ. ನೀವು ವಾರಕ್ಕೊಂದು ಗಂಟೆ ಕೊಡುತ್ತೇನೆಂದರೆ ಅದನ್ನು ತಪ್ಪದೆ ಕೊಡಿ. ಉತ್ಸಾಹದಿಂದ ದಿನಾಲೂ ಬಂದು ಮೂರನೆಯ ತಿಂಗಳಿಗೆ ಕಾಣೆಯಾದವರನ್ನು ಅವರು ಮೊದಲೇ ಬೇಕಾದಷ್ಟು ಕಂಡಿರುತ್ತಾರೆ.

ಸೇರುವ ಕೇಂದ್ರದಲ್ಲಿ ನಿಮ್ಮ ಮೇಲ್ವಿಚಾರಕರು ಯಾರೆಂದು ಮೊದಲೇ ಕೇಳಿ, ತಮ್ಮನ ವಿಷಯವನ್ನು ಅವರಿಗೆ ಪೂರ್ತಿಯಾಗಿ ಹೇಳಿಬಿಡಿ. ನೀವು ನೋಡಿಕೊಳ್ಳುತ್ತಿರುವವರು ಯಾರಾದರೂ ತೀರಿಕೊಂಡರೆ ಅಂದು ನಾನು ಯಾರ ಜೊತೆ ಮಾತಾಡಬೇಕು ಎಂದೂ ಕೇಳಿ. ಒಂಬತ್ತು ವರ್ಷಗಳಲ್ಲಿ ನನಗೆ ಅದು ಮೂರು ಸಲ ಬೇಕಾಗಿದೆ. ಚೇತರಿಸಿಕೊಳ್ಳುತ್ತಿರುವವರಿಗೆ ಮಾತ್ರ, ಅವರಾಗಿ ಕೇಳದ ಹೊರತು, ತಮ್ಮನ ಕಥೆ ಹೇಳಬೇಡಿ. ಅವನ ಭಾವಚಿತ್ರವನ್ನು ಅವರು ಕೂರುವ ಕೋಣೆಯಲ್ಲಿ ಹಾಕಿಸುವ ಆಸೆಯಿದೆ ಎಂದಿದ್ದೀರಿ. ಬೇಡ ಎನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಅವರಿಗೆ ಅದರಲ್ಲಿ ಕಾಣುವುದು ನಿಮ್ಮ ತಮ್ಮನಲ್ಲ, ತಮ್ಮದೇ ಕೊನೆ. ಅವನನ್ನು ಎಲ್ಲರೆದುರು ನೆನೆಯಬೇಕೆನಿಸಿದರೆ ಮಾದಕ ವಸ್ತುಗಳ ಅತಿಸೇವನೆಯಿಂದ ಹೋದವರಿಗಾಗಿ 2001ರಲ್ಲಿ ಮೆಲ್ಬರ್ನ್‌ನಲ್ಲಿ ಆರಂಭವಾದ ಆಗಸ್ಟ್ 31ರ ಸ್ಮರಣೆಯ ದಿನವಿದೆ. ಕುಡಿತದಿಂದ ಹೋದವರ ಮನೆಯವರನ್ನೂ ನಾನು ಅಲ್ಲಿ ಕಂಡಿದ್ದೇನೆ.

ನಾನು ಅಣ್ಣ ಆಡುತ್ತಿದ್ದ ಚೆಸ್ ಹಲಗೆಯನ್ನು ಕೇಂದ್ರಕ್ಕೆ ಕೊಟ್ಟಿದ್ದೇನೆ. ಅದು ಯಾರದೆಂದು ಅಲ್ಲಿ ಆ ಹಿರಿಯ ಸ್ವಯಂಸೇವಕರೊಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವನು ತೀರಿಕೊಂಡ ದಿನ ಬಂದಾಗ ಮಾತ್ರ ನಾನು ಕೇಂದ್ರಕ್ಕೆ ಹೋಗುವುದಿಲ್ಲ. ರಜೆ ಕೇಳಿಕೊಂಡು, ಆ ಸ್ವೆಟರನ್ನು ಹೊರಗೆ ತೆಗೆದು, ಮನೆಯಲ್ಲೇ ಇರುತ್ತೇನೆ. ನೀವೂ ಆ ತಾರೀಖನ್ನು ಈಗಲೇ ಮೇಲ್ವಿಚಾರಕರಿಗೆ ಬರೆದು ಕೊಟ್ಟುಬಿಡಿ.